ಕಿಟೆಲ್ ಅವರೂ ದ್ವಿತೀಯಾ ವಿಭಕ್ತಿಯೂ

ಕನ್ನಡ ನಾಡಿನಲ್ಲಿ ಕಿಟೆಲ್ ಎಂಬುದು ಈಗ ಮನುಷ್ಯನ ಹೆಸರಾಗಿ ಉಳಿದಿಲ್ಲ; ಅದೊಂದು ಗ್ರಂಥದ ಹೆಸರಾಗಿದೆ. ಪದವೊಂದರ ಅರ್ಥದ ಬಗೆಗೆ ನಾಲ್ವರು ಪಂಡಿತರಲ್ಲಿ ವಾದ ಹುಟ್ಟಿದರೆ, ಅವರಲ್ಲಿ ಒಬ್ಬರಾದರೂ “ಕಿಟೆಲ್ ನೋಡಿರಿ” ಎಂದು ವಾದವನ್ನು ನಿಲ್ಲಿಸುತ್ತಾರೆ. ವಾಚಕರು ಈ ಎರಡು ಮಾತಿನ ವಾಕ್ಯವನ್ನು ಕೊಂಚ ನಿಂತು ಗಮನಿಸಬೇಕು. “ಕಿಟೆಲ್ ನೋಡಿರಿ” ಎಂದರೆ ಕಪಾಟಿನಲ್ಲಿರುವ ನಿಘಂಟು. “ಕಿಟೆಲ್ಲರನ್ನು ನೋಡಿರಿ” ಎಂದರೆ ೧೯೦೩ರಲ್ಲಿ ತೀರಿಕೊಂಡ ಮನುಷ್ಯ. ನಡುವೆ ಇರುವ ವ್ಯತ್ಯಾಸ ಒಂದೇ ಒಂದು ಪ್ರತ್ಯಯ. ಕನ್ನಡಿಗನು ಜಡವಸ್ತುವನ್ನು ಪ್ರತ್ಯಯವಿಲ್ಲದೆಯೂ ಕ್ರಿಯೆಗೆ ಕರ್ಮವಾಗಿ ಒಪ್ಪಿಸಿಬಿಡುತ್ತಾನೆ. ಮನುಷ್ಯನನ್ನು ಹಾಗೆ ಒಪ್ಪಿಸಲಾರ. ಈ ಸಣ್ಣ ಪ್ರತ್ಯಯದ ದಾರಿಯಿಂದಲೇ ನಾನು ರೆವರೆಂಡ್ ಫರ್ಡಿನಂಡ್ ಕಿಟೆಲ್ ಅವರ ಜೀವನವನ್ನು ಹೇಳಬೇಕೆಂದಿದ್ದೇನೆ. ನಿಘಂಟಿನ ಹೆದ್ದಾರಿಯಲ್ಲಿ ಬಹಳ ಜನ ನಡೆದಿದ್ದಾರೆ; ಇದು ಕಾಲುದಾರಿ.

ಕಿಟೆಲ್ ಅವರು ೧೮೩೨ನೆಯ ಇಸವಿ ಏಪ್ರಿಲ್ ೭ರಂದು ಜರ್ಮನಿಯ ಉತ್ತರದ ಕಡಲಂಚಿನ ಪೂರ್ವ ಫ್ರೀಸಿಯಾ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಪಾದ್ರಿಗಳು. ಆ ಸೀಮೆಯ ಒಕ್ಕಲಿಗರ ಆಡುನುಡಿ ಶಿಷ್ಟ ಜರ್ಮನ್ ಅಲ್ಲ, ತಗ್ಗುನಾಡಿನ ಜರ್ಮನ್. ಶಿಷ್ಟ ಜರ್ಮನ್ನಿನಲ್ಲಿ ‘ನನ್ನನ್ನು’ ಎಂಬುದಕ್ಕೆ ‘ಮಿಖ್’ ಎಂದೂ ‘ನನಗೆ’ ಎಂಬುದಕ್ಕೆ ‘ಮೀರ್’ ಎಂದೂ ಬೇರೆ ಬೇರೆ ರೂಪಗಳಿವೆ. ತಗ್ಗುನಾಡಿನವರಲ್ಲಿ ಎರಡಕ್ಕೂ ‘ಮಿ’ ಒಂದೇ. ಅಂದರೆ ಚರ್ಚಿನಲ್ಲಿಯೂ ಶಾಲೆಯಲ್ಲಿಯೂ ದ್ವಿತೀಯೆ ಚತುರ್ಥಿಗಳು ಬೇರೆ, ಹೊಲದಲ್ಲಿಯೂ ಕೊಟ್ಟಿಗೆಯಲ್ಲಿಯೂ ಅವೆರಡೂ ಒಂದು. ಪಾದ್ರಿಯ ಮಗನ ಕಿವಿಗೆ ಈ ಎರಡೂ ಬಿದ್ದೇ ಇರಬೇಕು. ಇಂಥ ಹುಡುಗನಿಗೆ ವ್ಯಾಕರಣವೆಂಬುದು ಪುಸ್ತಕದಲ್ಲಿ ಮೊದಲು ಕಾಣುವುದಿಲ್ಲ. ಎರಡು ಬಾಗಿಲುಗಳ ನಡುವೆ ಓಡಾಡುವಾಗ ಹೊಸ್ತಿಲಾಗಿ ಕಾಲಿಗೆ ತಗಲುತ್ತದೆ. ಔರಿಖ್ ಪಟ್ಟಣದ ಪಾಠಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳು ಅವರಿಗೆ ದೊರೆತವು. ಹೀಬ್ರೂವಿನಲ್ಲಿ ಕರ್ಮಪದವು ಇಂಥದೇ ಎಂದು ನಿಶ್ಚಿತವಾಗಿದ್ದರೆ ಮಾತ್ರ ಅದರ ಹಿಂದೆ ‘ಎತ್’ ಎಂಬ ಅವ್ಯಯ ಬರುತ್ತದೆ, ಅನಿಶ್ಚಿತವಾಗಿದ್ದರೆ ಬರುವುದಿಲ್ಲ. ನಮ್ಮ “ಬುತ್ತಿ ತಂದಳು”, “ಬುತ್ತಿಯನ್ನು ತಂದಳು” ಎಂಬವುಗಳ ಭೇದಕ್ಕೆ ಇದು ಎಷ್ಟು ಸಮೀಪದ್ದೆಂಬುದನ್ನು ಹೇಳಬೇಕಾಗಿಲ್ಲ.

೧೮೫೦ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿ, ೧೮೫೩ರಲ್ಲಿ ತಮ್ಮ ೨೧ನೆಯ ವಯಸ್ಸಿನಲ್ಲಿ ಹಿಂದುಸ್ತಾನಕ್ಕೆ ಬಂದರು. ಬಾಸೆಲ್ಲಿನವರು ೧೮೩೪ರಲ್ಲಿ ಮಂಗಳೂರಿನಲ್ಲಿ ಕಾಲೂರಿ, ೧೮೩೭ರಲ್ಲಿ ಧಾರವಾಡದಲ್ಲಿ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರಗಳನ್ನು ತೆರೆದಿದ್ದರು. ಇಲ್ಲಿ ನನ್ನ ಊರಿನವರಿಗಾಗಿ ಒಂದು ಮಾತು. ಮಿಶನ್ನಿನ ಹಳೆಯ ಕಾಗದಗಳಲ್ಲಿ ಬರುವ ಬೆಟಗೇರಿಯು ಗದಗಿನ ಜೋಡಿಯಾದ ಬೆಟಗೇರಿ. ಧಾರವಾಡ ತಾಲೂಕಿನ ನಮ್ಮ ಉಪ್ಪಿನಬೆಟಗೇರಿಯಲ್ಲ. ಬೆಟಗೇರಿ ಕೃಷ್ಣಶರ್ಮರ ಬೆಟಗೇರಿಯಂತೂ ಗೋಕಾಕದ ಕಡೆಯದು. ಕಿಟೆಲ್ ಅವರು ನಮ್ಮೂರಿಗೆ ಬಂದಿದ್ದರೆಂದು ಅಭಿಮಾನದಿಂದ ಹೇಳುವವರನ್ನು ನಾನು ಕಂಡಿದ್ದೇನೆ. ಅಭಿಮಾನಕ್ಕೆ ಆಧಾರ ಸಾಲದು. ಆದರೆ ಅವರು ಕೇಳಿದ ಕನ್ನಡ ನಮ್ಮೂರಿನ ಕನ್ನಡವೇ ಎಂಬುದಕ್ಕೆ ಆಧಾರ ಬೇಕಾಗಿಲ್ಲ; ಧಾರವಾಡದ ಸಂತೆಗೆ ಅಂದಿಗೂ ನಮ್ಮ ಬಂಡಿಗಳೇ ಹೋಗುತ್ತಿದ್ದವು.

ಆಗಿನ ಧಾರವಾಡವನ್ನು ನೆನೆಯಬೇಕು. ಪೇಶವೆಯರ ಆಳ್ವಿಕೆ ೧೮೧೮ರಲ್ಲಿ ಮುಗಿದು, ಸೀಮೆಯು ಮುಂಬಯಿ ಸರಕಾರಕ್ಕೆ ಸೇರಿ ಮೂವತ್ತೈದು ವರ್ಷಗಳಾಗಿದ್ದವಷ್ಟೆ. ಕಚೇರಿಯ ದಫ್ತರಗಳಲ್ಲಿಯೂ ಸಾಲಿಗಳಲ್ಲಿಯೂ ಮರಾಠಿಯ ದಟ್ಟಣೆ ಇನ್ನೂ ಇಳಿದಿರಲಿಲ್ಲ. ಮನೆಯಲ್ಲಿ ಮರಾಠಿ, ಅಂಗಳದಲ್ಲಿ ಕನ್ನಡ ಎಂಬ ಕುಟುಂಬಗಳು ಪಟ್ಟಣದಲ್ಲಿ ಬಹಳ. ಮುಂದೆ ಇಂಥದೇ ಮನೆಯೊಂದರಿಂದ ಬೇಂದ್ರೆಯವರು ಬಂದರೆಂಬುದನ್ನು ನೆನೆದರೆ, ಎರಡು ನುಡಿಗಳ ಈ ಸಹವಾಸವನ್ನು ಕೇವಲ ಸಂಕರವೆಂದು ಹಳಿಯಲು ನಾಲಗೆ ಏಳುವುದಿಲ್ಲ. ಪೂರ್ವ ಫ್ರೀಸಿಯಾದ ತರುಣ ಬಂದು ಇಳಿದದ್ದು ಇಂಥ ಊರಿನಲ್ಲಿ.

ಈಗ ಆ ಪ್ರತ್ಯಯದ ವಿಷಯ. ನಮ್ಮೂರಿನ ಒಕ್ಕಲಿಗನು “ಹೊಲ ಹರಗಿದೆ” ಎನ್ನುತ್ತಾನೆ, “ರೊಟ್ಟಿ ತಿಂದೆ” ಎನ್ನುತ್ತಾನೆ, “ನೀರು ಕುಡಿದೆ” ಎನ್ನುತ್ತಾನೆ. ‘ಅನ್ನು’ ಎಲ್ಲಿಯೂ ಇಲ್ಲ. ಹೊಲವು ಅವನನ್ನು ಹರಗಲಾರದು, ರೊಟ್ಟಿ ಅವನನ್ನು ತಿನ್ನಲಾರದು. ಮಾಡುವವನು ಯಾರು, ಮಾಡಿಸಿಕೊಳ್ಳುವುದು ಯಾವುದು ಎಂಬ ಸಂದೇಹಕ್ಕೆ ಎಡೆಯೇ ಇಲ್ಲ. ಆದರೆ ತಮ್ಮನನ್ನು ಕರೆಯಬೇಕಾದರೆ “ತಮ್ಮ ಕರಿ” ಎಂದರೆ ಸಾಲದು, “ತಮ್ಮನ್ನ ಕರಿ” ಎನ್ನಲೇಬೇಕು, ತಮ್ಮನೂ ಕರೆಯಬಲ್ಲವನು. ಇದು ಒಂದು ಎಳೆ. ಇನ್ನೊಂದು ಎಳೆ ನಿಶ್ಚಿತತೆಯದು. “ಎತ್ತು ತಂದ” ಎಂದರೆ ಸಂತೆಯಿಂದ ಯಾವುದೋ ಎತ್ತು ಬಂತು. “ಎತ್ತನ್ನು ತಂದ” ಎಂದರೆ ನಾವು ಮಾತಾಡುತ್ತಿದ್ದ ಆ ಎತ್ತು. ಎರಡೂ ಎಳೆಗಳು ಸೇರುವ ಸೊಗಸಾದ ಉದಾಹರಣೆ ನಮ್ಮ ಮದುವೆಯ ಮಾತಿನಲ್ಲಿದೆ. “ಹೆಣ್ಣು ನೋಡಲು ಹೋದರು” ಎನ್ನುತ್ತೇವೆ. ಹೆಣ್ಣು ಜಡವಸ್ತುವಲ್ಲ, ಆದರೂ ಪ್ರತ್ಯಯವಿಲ್ಲ, ಏಕೆಂದರೆ ಅವಳು ಇನ್ನೂ ಯಾರೆಂದು ಗೊತ್ತಾಗಿಲ್ಲ. ನೋಡಿ ಮನಸ್ಸಿಗೆ ಬಂದ ಮೇಲೆ “ಆ ಹೆಣ್ಣನ್ನು ನೋಡಿದೆವು” ಎಂದು ಪ್ರತ್ಯಯ ಹತ್ತುತ್ತದೆ. ಸಂಬಂಧ ಗಟ್ಟಿಯಾಗುವ ಮೊದಲೇ ವಿಭಕ್ತಿ ಗಟ್ಟಿಯಾಗುತ್ತದೆಂದು ನಾನು ತರಗತಿಯಲ್ಲಿ ವಿನೋದಕ್ಕೆ ಹೇಳುವುದುಂಟು.

ಮರಾಠಿಯದೂ ಇದೇ ಮನಸ್ಸು, ಆದರೆ ಉಡುಪು ಬೇರೆ. “ಮೀ ಪುಸ್ತಕ ವಾಚಲೇ” ಎಂಬಲ್ಲಿ ಪುಸ್ತಕಕ್ಕೆ ಏನೂ ಹತ್ತುವುದಿಲ್ಲ. “ಮೀ ರಾಮಾಲಾ ಪಾಹಿಲೇ” ಎಂಬಲ್ಲಿ ರಾಮನಿಗೆ ‘ಲಾ’ ಹತ್ತುತ್ತದೆ. “ರಾಮನಿಗೆ ಕೊಟ್ಟೆ” ಎನ್ನುವಲ್ಲಿಯೂ ಅದೇ ‘ಲಾ’. ಕನ್ನಡದಲ್ಲಿ ‘ಅನ್ನು’ ಒಂದು, ‘ಗೆ’ ಒಂದು. ಮರಾಠಿಯಲ್ಲಿ ಎರಡಕ್ಕೂ ಒಂದೇ. ಉರ್ದುವಿನ ‘ಕೋ’ ಕೂಡ ಹೀಗೆಯೇ. ಈ ನುಡಿಗಳ ನಡುವೆ ಬಾಳುವ ಕನ್ನಡಿಗನ ಬಾಯಲ್ಲಿ “ಅವನ್ನ ನೋಡಿದೆ” ಎಂಬುದರ ಪಕ್ಕದಲ್ಲಿ “ಅವಗ ನೋಡಿದೆ”, “ತಮ್ಮಗ ಕರಿ” ಎಂಬ ರೂಪಗಳು ಬಂದು ಕುಳಿತಿವೆ. ಬೀದರ ಕಲಬುರಗಿಗಳ ಕಡೆಗೂ ಮಹಾರಾಷ್ಟ್ರದ ಗಡಿಯ ಕಡೆಗೂ ಹೋದಂತೆ ಇವು ಹೆಚ್ಚುತ್ತವೆ. ಸಾಂಗಲಿ ಜಿಲ್ಲೆಯ ಕುಪ್ವಾಡ ಎಂಬ ಹಳ್ಳಿಯ ಕನ್ನಡ, ಮರಾಠಿ, ಉರ್ದುಗಳನ್ನು ಪರಿಶೀಲಿಸಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ೧೯೭೧ರಲ್ಲಿ ಪ್ರಕಟಿಸಿದ ಪ್ರಬಂಧ ಲೋಕಪ್ರಸಿದ್ಧವಾಗಿದೆ. ಅಲ್ಲಿ ಶಬ್ದಗಳು ಆಯಾ ನುಡಿಯವಾಗಿಯೇ ಉಳಿದು, ವಾಕ್ಯಗಳ ಅಚ್ಚು ಮಾತ್ರ ಒಂದೇ ಆಗಿಬಿಟ್ಟಿದೆ. ಒಂದು ನುಡಿಯ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದು.

ಹಾಗೆಂದು ಎಲ್ಲವನ್ನೂ ಮರಾಠಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. “ಅವನಿಗೆ ಹೊಡೆದ”, “ನನಗೆ ಬೈದ” ಎಂಬ ಪ್ರಯೋಗಗಳು ಮೈಸೂರಿನ ಕನ್ನಡದಲ್ಲಿಯೂ ಸಹಜವಾಗಿವೆ. “ಎತ್ತಿಗಿ ಹೊಡೀಬ್ಯಾಡ” ಎನ್ನುವ ನಮ್ಮೂರಿನ ಮುದುಕನು ಯಾವ ಪೇಶವೆಯಿಂದಲೂ ಅದನ್ನು ಕಲಿತವನಲ್ಲ. ಪೆಟ್ಟೂ ಬೈಗಳೂ ಒಬ್ಬನಿಗೆ ಸಲ್ಲುವ ವಸ್ತುಗಳೆಂದು ಕನ್ನಡವೇ ಬಗೆದಿದೆ. ಮನೆಯಲ್ಲಿ ಮೊದಲೇ ತೆರೆದಿದ್ದ ಕಿಂಡಿಯನ್ನು ನೆರೆಯವರ ಗಾಳಿ ಇನ್ನಷ್ಟು ಅಗಲಿಸಿತೆನ್ನುವುದೇ ನನಗೆ ಸರಿದೋರುತ್ತದೆ.

ಇದು ನಮ್ಮೊಬ್ಬರ ಸಂಕಟವೂ ಅಲ್ಲ. ಸ್ಪೇನ್ ದೇಶದ ಈಶಾನ್ಯದಲ್ಲಿ ಕತಲಾನ್ ಎಂಬ ನುಡಿಯನ್ನಾಡುವ ಜನರಿದ್ದಾರೆ. ಅವರೆಲ್ಲರೂ ಸ್ಪ್ಯಾನಿಷನ್ನೂ ಆಡುವರು. ಸ್ಪ್ಯಾನಿಷಿನಲ್ಲಿ ಮನುಷ್ಯನು ಕರ್ಮವಾದಾಗ ‘ಆ’ ಎಂಬ ಅವ್ಯಯ ಬರುತ್ತದೆ. ‘ಅವನಿಗೆ ಕೊಟ್ಟೆ’ ಎನ್ನುವಲ್ಲಿ ಬರುವುದೂ ಅದೇ ‘ಆ’. ಮರಾಠಿಯ ‘ಲಾ’ದ ಅವಳಿಯೆನ್ನಬೇಕು. ಯಾರಾದರೊಬ್ಬ ವೈದ್ಯ ಬೇಕಾಗಿದ್ದರೆ “ಬುಸ್ಕೊ ಉನ್ ಮೆದಿಕೊ” ಎಂದೂ, ಗೊತ್ತಿರುವ ಒಬ್ಬ ವೈದ್ಯನನ್ನೇ ಹುಡುಕುತ್ತಿದ್ದರೆ “ಬುಸ್ಕೊ ಆ ಉನ್ ಮೆದಿಕೊ” ಎಂದೂ ಹೇಳುವರು. ನಮ್ಮ ಹೆಣ್ಣು ನೋಡುವ ಸಂಪ್ರದಾಯವೇ ಅಲ್ಲಿಯೂ ಇದ್ದಂತಾಯಿತು. ಕತಲಾನಿನ ಶಿಷ್ಟ ನಿಯಮದಲ್ಲಾದರೋ “ಮರೀಯಳನ್ನು ನೋಡಿದೆ” ಎಂಬುದಕ್ಕೆ ‘ಆ’ ಬೇಕಿಲ್ಲ. ಆದರೂ ಎರಡು ನುಡಿಯವರ ಬಾಯಲ್ಲಿ ಅದು ಬಂದೇ ಬರುತ್ತದೆ. ಆ ನುಡಿಗೆ ೧೯೧೮ರಲ್ಲಿ ಪ್ರಮಾಣ ವ್ಯಾಕರಣವನ್ನು ಕಟ್ಟಿಕೊಟ್ಟ ಪೊಂಪೇವು ಫಾಬ್ರಾ ಎಂಬ ಮಹನೀಯರು, ಓದಿನಿಂದ ಇಂಜಿನಿಯರರು, ಈ ‘ಆ’ವನ್ನು ಕೆಲವು ಸರ್ವನಾಮಗಳಿಗೂ ಅಂಥ ಕೆಲವೇ ಸ್ಥಾನಗಳಿಗೂ ಸೀಮಿತಗೊಳಿಸಿದರು. ಬಲಿಷ್ಠ ನೆರೆಯ ಎದುರಿಗೆ ನಿಂತ ನುಡಿಗೆ ಬೇಲಿ ಬೇಕೆಂಬುದು ಅವರ ನಿಲುವು. ಆದರೆ ಹಳೆಯ ಕತಲಾನ್ ಗ್ರಂಥಗಳಲ್ಲಿಯೂ ಕೆಲವು ದ್ವೀಪಗಳ ಆಡುನುಡಿಯಲ್ಲಿಯೂ ಈ ‘ಆ’ ಮೊದಲಿನಿಂದಲೇ ಇತ್ತೆಂದು ತೋರಿಸುವವರಿದ್ದಾರೆ. ೨೦೧೬ರಲ್ಲಿ ಬಂದ ಅವರ ಹೊಸ ವ್ಯಾಕರಣದಲ್ಲಿ ಬೇಲಿ ಕೊಂಚ ಸಡಿಲವಾಗಿದೆ.

ಫಾಬ್ರಾ ಅವರದು ತನ್ನ ತಾಯ್ನುಡಿಗೆ ಕಾವಲು ನಿಂತವರ ಕೆಲಸ. ಕಿಟೆಲ್ ಅವರಿಗೆ ಕನ್ನಡ ತಾಯ್ನುಡಿಯಲ್ಲ. ಯಾವ ರೂಪ ಗೆಲ್ಲಬೇಕೆಂಬ ಹಂಬಲವೂ ಅವರಿಗಿರಲಿಲ್ಲ. ಕೇಳುವುದೊಂದೇ ಅವರಿಗೆ ಸಾಧ್ಯವಿದ್ದದ್ದು, ಅದನ್ನು ಅವರು ಅತಿಯಾಗಿಯೇ ಮಾಡಿದರು. ಈ ಅತಿಯೇ ಅವರಿಗೆ ಮುಳುವಾಯಿತು. ಮಿಶನ್ನಿನ ಹಿರಿಯರಿಗೆ ಬೇಕಾದದ್ದು ಮತಾಂತರದ ಲೆಕ್ಕ; ಈ ತರುಣನು ಜನರೊಡನೆ ಬೆರೆಯಲೂ, ಅವರ ನುಡಿಯನ್ನೂ ಕಾವ್ಯವನ್ನೂ ಅವರಂತೆಯೇ ಅರಿಯಲೂ ಹೊರಟನು. ಧರ್ಮಪ್ರಚಾರಕರಾಗಿ ಕಿಟೆಲ್ ಅವರು ಯಶಸ್ವಿಯಾಗಲಿಲ್ಲವೆಂಬುದು ನಿರ್ವಿವಾದ. ಮೇಲಿನವರೊಡನೆ ಅವರ ಸಂಬಂಧವೂ ಸುಖಕರವಾಗಿರಲಿಲ್ಲ. ಧಾರವಾಡದ ಸೀಮೆಯಿಂದ ಮಂಗಳೂರಿಗೆ, ಅಲ್ಲಿಂದ ಕೊಡಗಿಗೆ, ಹೀಗೆ ಅವರ ಬಿಡಾರ ಬದಲಾಯಿತು. ೧೮೬೦ರಲ್ಲಿ ಪೌಲೀನೆ ಐತ್ ಎಂಬವರೊಡನೆ ಮದುವೆ. ೧೮೬೪ರಲ್ಲಿ ಆಕೆಯ ಮರಣ. ೧೮೬೭ರಲ್ಲಿ ಆಕೆಯ ಸೋದರಿ ಯೂಲಿಯೆ ಅವರನ್ನು ವರಿಸಿದರು. ಈ ನಡುವೆ ೧೮೬೨ರಲ್ಲಿ, ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ ಹೊರಬಂತು. ಅದು ಮಹಾಕಾವ್ಯವಲ್ಲ. ಆದರೆ ಕನ್ನಡದಲ್ಲಿ ಪದ್ಯ ಕಟ್ಟಲು ಹೊರಟವನು ದ್ವಿತೀಯೆಯ ಮೈಯನ್ನು ಎಲ್ಲೆಲ್ಲಿ ಕುಗ್ಗಿಸಬಹುದು, ಎಲ್ಲೆಲ್ಲಿ ಹಿಗ್ಗಿಸಬಹುದು ಎಂಬುದನ್ನು ಮಾತ್ರೆ ಎಣಿಸುತ್ತ ಕಲಿಯುತ್ತಾನೆ. ‘ಅಂ’, ‘ಅನು’, ‘ಅನ್ನು’, ಬರಿಯ ‘ಅ’ ಇವೆಲ್ಲ ಅವನಿಗೆ ಪರೀಕ್ಷೆಯ ಉತ್ತರಗಳಲ್ಲ, ಕೈಗೆ ಬೇಕಾದ ಉಪಕರಣಗಳು.

೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅವರು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕೇಶಿರಾಜನ ಸಹವಾಸ ಅವರ ಜೀವನದ ಮುಖ್ಯ ಘಟನೆಯೆಂದು ನನ್ನ ಭಾವನೆ. ಹದಿಮೂರನೆಯ ಶತಮಾನದ ಆ ವೈಯಾಕರಣನು ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟನ್ನು ಇಟ್ಟುಕೊಂಡರೂ, ಒಂದು ವಿಭಕ್ತಿಯ ಸ್ಥಾನದಲ್ಲಿ ಇನ್ನೊಂದು ಬರುವುದನ್ನು ವಿಭಕ್ತಿಪಲ್ಲಟವೆಂದು ಹೆಸರಿಟ್ಟು ಒಪ್ಪಿಕೊಂಡನು. ಅದಕ್ಕೆ ಕವಿಪ್ರಯೋಗಗಳನ್ನು ಕೊಟ್ಟನು. ಅಪಶಬ್ದಗಳನ್ನು ಕಂಡರೆ ಸಿಡಿಯುವ ಕೇಶಿರಾಜನೂ ಪಲ್ಲಟವನ್ನು ಅಪಶಬ್ದವೆನ್ನಲಿಲ್ಲ. ಹೀಗಿರುವಾಗ ಉಪ್ಪಿನಬೆಟಗೇರಿಯ ಹುಡುಗಿಯೊಬ್ಬಳು “ತಮ್ಮಗ ಕರಿ” ಎಂದರೆ, ಅವಳು ಕನ್ನಡದ ಕಟ್ಟಳೆಯನ್ನು ಮುರಿದಳೋ ಕನ್ನಡದ ಹಳೆಯ ಸಲಿಗೆಯೊಂದನ್ನು ಬಳಸಿಕೊಂಡಳೋ ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ತೀರುವುದಿಲ್ಲ.

ನಿಘಂಟಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗನೆ ದಾಟುತ್ತೇನೆ. ಎರಡು ದಶಕಗಳಿಗೆ ಸಮೀಪದ ದುಡಿಮೆ. ನಡುವೆ ೧೮೭೭ರಲ್ಲಿ ಸ್ವದೇಶಕ್ಕೆ ಹೋದವರು, ಅಲ್ಲಿ ಕುಳಿತು ಕನ್ನಡ ಸಾಗದೆಂದು ೧೮೮೩ರಲ್ಲಿ ಮರಳಿ ಬಂದು, ೧೮೯೨ರವರೆಗೆ ಇಲ್ಲಿ ನಿಂತು ಕೆಲಸ ಮುಗಿಸಿದರು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಆ ಗ್ರಂಥದಲ್ಲಿ ಸುಮಾರು ೭೦,೦೦೦ ಶಬ್ದಗಳು. ಪಂಪನ ಕಾಲದ ಮಾತೂ ಸಂತೆಯ ಗಾದೆಯೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿವೆ. ಮರಾಠಿಯಿಂದ ಬಂದ ಶಬ್ದಕ್ಕೆ ಅದರ ಮೂಲವನ್ನು ಸೂಚಿಸುವ ಗುರುತನ್ನು ಹಾಕಿದ್ದಾರೆ, ಹೊರಗೆ ದಬ್ಬಿಲ್ಲ. ಬಂದವರು ಎಲ್ಲಿಂದ ಬಂದರೆಂದು ಕೇಳಿ, ಹೆಸರು ಬರೆದುಕೊಂಡು, ಒಳಗೆ ಕರೆದುಕೊಳ್ಳುವ ಗೃಹಸ್ಥನ ಕ್ರಮವದು.

ಶಬ್ದಕ್ಕೆ ಹೀಗೆ ಗುರುತು ಹಾಕಬಹುದು. ವಾಕ್ಯದ ಅಚ್ಚಿಗೆ ಹಾಕುವುದು ಹೇಗೆ? ‘ದಫ್ತರ’ ಎಂಬುದು ಪರಕೀಯವೆಂದು ಯಾರಿಗಾದರೂ ಕಾಣುತ್ತದೆ. “ಅವಗ ನೋಡಿದೆ” ಎಂಬುದರಲ್ಲಿ ಮೂಲವೂ ಕನ್ನಡ, ಪ್ರತ್ಯಯವೂ ಕನ್ನಡ, ಕ್ರಿಯಾಪದವೂ ಕನ್ನಡ. ಪರಕೀಯವಾದದ್ದು ಇದ್ದರೆ ಅದು ಕಣ್ಣಿಗೆ ಕಾಣದ ಜೋಡಣೆ. ನಿಘಂಟಿನಲ್ಲಿ ಇದಕ್ಕೆ ಎಡೆಯಿಲ್ಲ. ವ್ಯಾಕರಣವೇ ಬೇಕು. ಎಪ್ಪತ್ತರ ಸಮೀಪಕ್ಕೆ ಬಂದಿದ್ದ ಕಿಟೆಲ್ ಅವರು ನಿಘಂಟಿನ ಕೀರ್ತಿಯ ಮೇಲೆ ವಿಶ್ರಮಿಸದೆ ವ್ಯಾಕರಣಕ್ಕೆ ಕೈಯಿಟ್ಟದ್ದು ಏಕೆಂದು ನನಗೆ ಇದರಿಂದ ಕೊಂಚ ಅರ್ಥವಾಗುತ್ತದೆ.

ಆ ವ್ಯಾಕರಣದ ವಿಶೇಷವು ಅದರ ಶಿರೋನಾಮದಲ್ಲಿಯೇ ಇದೆ: ಪ್ರಾಚೀನ, ಮಧ್ಯಕಾಲೀನ, ಆಧುನಿಕ ಎಂಬ ಮೂರು ಕನ್ನಡಗಳನ್ನೂ ಒಳಗೊಂಡ ವ್ಯಾಕರಣವದು. ನಮ್ಮ ಶಾಲಾ ವ್ಯಾಕರಣಗಳು ಒಂದು ಕಾಲದ ಒಂದು ರೂಪವನ್ನು ಸಿಂಹಾಸನದ ಮೇಲೆ ಕೂರಿಸಿ ಉಳಿದವನ್ನು ಹೊರಗಟ್ಟುತ್ತವೆ. ಕಿಟೆಲ್ ಅವರು ಮೂರು ತಲೆಮಾರಿನವರನ್ನೂ ಒಂದೇ ಪಡಸಾಲೆಯಲ್ಲಿ ಕೂರಿಸಿದರು. ಅಜ್ಜನ ‘ಅಂ’ ಇದೆ, ತಂದೆಯ ‘ಅನು’ ಇದೆ, ಮಗನ ‘ಅನ್ನು’ ಇದೆ. ಪುಸ್ತಕ ಇಂಗ್ಲಿಷಿನಲ್ಲಿದೆ, ಕಲಿಯುವವನಿಗೆ ಕಠಿನವಾಗಿದೆ. ಸೂತ್ರಗಳ ದಟ್ಟಣೆಯಲ್ಲಿ ದಾರಿ ತಪ್ಪುವುದೂ ಉಂಟು. ಅದನ್ನು ಎಂ.ಎ. ತರಗತಿಗೆ ಪಠ್ಯವಾಗಿಡಬೇಕೆಂದು ನಾನು ಹೇಳಲಾರೆ. ಅಧ್ಯಾಪಕನ ಮೇಜಿನ ಮೇಲೆ ಇರಬೇಕೆಂದು ಮಾತ್ರ ಹೇಳುತ್ತೇನೆ.

ಏಕೆಂದರೆ ಪ್ರಶ್ನೆ ಪಂಡಿತರದಷ್ಟೇ ಅಲ್ಲ. ಪ್ರತಿವರ್ಷ ನಮ್ಮೂರಿನಂಥ ಹಳ್ಳಿಗಳಿಂದ ಧಾರವಾಡದ ಕಾಲೇಜುಗಳಿಗೆ ಬರುವ ಮಕ್ಕಳ ಉತ್ತರಪತ್ರಿಕೆಗಳಲ್ಲಿ “ಗುರುಗಳು ಅವನಿಗೆ ಕರೆದರು” ಎಂಬಂಥ ವಾಕ್ಯಗಳಿರುತ್ತವೆ. ಕೆಂಪು ಗೆರೆ ಬೀಳುತ್ತದೆ, ಅಂಕ ಹೋಗುತ್ತದೆ. ಅದರೊಡನೆ, ಮನೆಯ ನುಡಿಯೇ ತಪ್ಪು ಎಂಬ ಒಂದು ಅಳುಕು ಹುಟ್ಟಿ, ಆ ಹುಡುಗ ಮುಂದೆ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ನಾನು ಬರಹದಲ್ಲಿ ‘ಅನ್ನು’ವನ್ನೇ ಬೇಡುವವನು. ಕೊಡುವುದಕ್ಕೊಂದು, ನೋಡುವುದಕ್ಕೊಂದು ಎಂದು ಎರಡು ಪ್ರತ್ಯಯಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಂಡ ನುಡಿಯಲ್ಲಿ ಅವನ್ನು ಕಲಸಿಬಿಡುವುದು ಇದ್ದ ಸೊತ್ತನ್ನು ಕಳೆದಂತೆ. ಆದರೆ ಗೆರೆ ಎಳೆಯುವ ಕೈ, ಗೆರೆಯ ಪಕ್ಕದಲ್ಲಿ ಆ ರೂಪ ಎಲ್ಲಿಂದ ಬಂತೆಂದು ಒಂದು ಮಾತನ್ನೂ ಬರೆಯಬೇಕು. ಮರಾಠಿಯ ನೆರೆಹೊರೆಯಿಂದ ಬಂತೆಂದೋ, “ನನಗೆ ಬೈದ” ಎಂಬುದರ ದಾಯಾದಿಯೆಂದೋ ತಿಳಿದ ಹುಡುಗನು ಅಳುಕುವುದಿಲ್ಲ, ಕುತೂಹಲಪಡುತ್ತಾನೆ. ಮನೆಯಲ್ಲಿ “ಅವಗ ಕರಿ”, ಕಾಗದದಲ್ಲಿ “ಅವನನ್ನು ಕರೆ” ಎಂದು ಎರಡನ್ನೂ ನಡೆಸಿಕೊಂಡು ಹೋಗುವುದು ಅಸಾಧ್ಯವೇನಲ್ಲ. ರೆಸ್ಟರ್‌ಹಾಫೆಯಲ್ಲಿ ‘ಮಿ’, ಔರಿಖ್ ಶಾಲೆಯಲ್ಲಿ ‘ಮಿಖ್’ ಮತ್ತು ‘ಮೀರ್’ ಎಂದು ಕೇಳಿ ಬೆಳೆದ ಒಬ್ಬ ಹುಡುಗನೇ ನಮಗೆ ನಿಘಂಟು ಕೊಟ್ಟದ್ದು.

ಟ್ಯೂಬಿಂಗನ್ ವಿಶ್ವವಿದ್ಯಾಲಯವು ೧೮೯೬ರಲ್ಲಿ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ತಮ್ಮ ಕಡೆಯ ವರ್ಷಗಳನ್ನು ಅವರು ಆ ಊರಿನಲ್ಲಿಯೇ ಕಳೆದರು. ವ್ಯಾಕರಣವು ೧೯೦೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ೭೧ನೆಯ ವಯಸ್ಸಿನಲ್ಲಿ, ಟ್ಯೂಬಿಂಗನ್ನಿನಲ್ಲಿ ಅವರು ತೀರಿಕೊಂಡರು. ನಿಘಂಟನ್ನು ಮುಂದೆ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯವು ೧೯೬೮ರಿಂದ ೧೯೭೧ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ. ವ್ಯಾಕರಣವು ದಿಲ್ಲಿಯಲ್ಲಿ ಮರುಮುದ್ರಣಗೊಂಡು ಗ್ರಂಥಾಲಯಗಳಿಗೆ ಬಂದಿದೆ. ನಿಘಂಟಿನ ರಟ್ಟು ಸವೆದ ಕಡೆಗಳಲ್ಲಿಯೂ ಅದರ ಹಾಳೆಗಳು ಹೊಸದಾಗಿಯೇ ಇರುತ್ತವೆ.